ಕಣ್ಣಿನ ರಾತ್ರಿಭೋಜನ

ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವುದು ಜೈನ ಗೃಹಸ್ಥನ ಮನೆಯ ಗುರುತು. ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ ಸಂಜೆಯ ವ್ಯಾಪಾರ ಏರುವ ಹೊತ್ತಿಗೆ ಗಲ್ಲೆಯನ್ನು ಮಗನಿಗೋ ಗುಮಾಸ್ತನಿಗೋ ಒಪ್ಪಿಸಿ ಮನೆಯ ಕಡೆಗೆ ಹೊರಡುವ ವರ್ತಕನನ್ನು ಕಂಡರೆ, ಆತ ಊಟಕ್ಕೆ ಹೊರಟನೆಂಬುದು ಪಕ್ಕದ ಅಂಗಡಿಯವನಿಗೂ ತಿಳಿಯುತ್ತದೆ. ಸಿರುಗುಪ್ಪದ ಅಕ್ಕಿ ಗಿರಣಿಯ ಲೆಕ್ಕದ ಕೋಣೆಯಲ್ಲಿಯೂ, ಕುರುಗೋಡಿನ ದಲ್ಲಾಳಿ ಅಂಗಡಿಯಲ್ಲಿಯೂ ಈ ನಿಯಮಕ್ಕೆ ಗೌರವವಿದೆ. ಅನ್ಯಮತೀಯರು ಸಹ ತಮ್ಮ ಮದುವೆಗಳಲ್ಲಿ ಜೈನ ಅತಿಥಿಗಳಿಗೆಂದು ಹೊತ್ತು ಮುಳುಗುವ ಮುನ್ನವೇ ಎಲೆ ಹಾಕಿಸುತ್ತಾರೆ. ಒಂದು ಅಲ್ಪಸಂಖ್ಯಾತ ಸಮಾಜವು ತನ್ನ ಆಚಾರದಿಂದಲೇ ಸುತ್ತಲಿನವರ ಆದರವನ್ನು ಗಳಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಆದರೆ ಅದೇ ಮನೆಯನ್ನು ರಾತ್ರಿ ಹನ್ನೊಂದು ಗಂಟೆಗೆ ನೋಡಬೇಕು. ಅಡಿಗೆಮನೆ ಕತ್ತಲೆ, ಪಾತ್ರೆಗಳು ಬೆಳಗಿ ಬೋರಲಾಗಿವೆ, ನೀರಿನ ಲೋಟವನ್ನೂ ಯಾರೂ ಮುಟ್ಟುವುದಿಲ್ಲ. ನಡುಮನೆಯಲ್ಲಿ ಮಾತ್ರ ದೂರದರ್ಶನದ ಪೆಟ್ಟಿಗೆ ಉರಿಯುತ್ತಿದೆ. ಒಳಕೋಣೆಯಲ್ಲಿ ಮಗನ ಮುಖದ ಮೇಲೆ ಮೊಬೈಲಿನ ನೀಲಿ ಬೆಳಕು. ಮಗಳ ಹೊದಿಕೆಯ ಒಳಗೂ ಅದೇ ಬೆಳಕು. ಹಿರಿಯರು ಚಾಪೆಯ ಮೇಲೆ ಒರಗಿ, ಯಾರೋ ಕಳುಹಿಸಿದ ಚಿತ್ರಗಳನ್ನು ಒಂದೊಂದಾಗಿ ಮೇಲಕ್ಕೆ ತಳ್ಳುತ್ತಿದ್ದಾರೆ. ಬಾಯಿ ಸೂರ್ಯಾಸ್ತಕ್ಕೇ ಮುಚ್ಚಿತು. ಕಣ್ಣು ಕಿವಿಗಳ ಊಟ ಆಗಲೇ ಆರಂಭವಾಯಿತು. ಆರು ಗಂಟೆಗೆ ಕೈತೊಳೆದ ಕುಟುಂಬವು ಹನ್ನೆರಡರವರೆಗೆ ಉಣ್ಣುತ್ತಲೇ ಇರುತ್ತದೆ. ಇದಕ್ಕೆ ರಾತ್ರಿಭೋಜನವೆಂದಲ್ಲದೆ ಬೇರೆ ಹೆಸರಿಡಲು ಸಾಧ್ಯವೆ?

ಈ ಹೋಲಿಕೆಯನ್ನು ಅತಿಶಯೋಕ್ತಿಯೆಂದು ತಳ್ಳಿಹಾಕುವವರು ರಾತ್ರಿಭೋಜನತ್ಯಾಗದ ಮೂಲ ಆಶಯವನ್ನು ಒಮ್ಮೆ ನೆನೆಯಬೇಕು. ದೀಪಕ್ಕೆ ಮುತ್ತುವ ಸೂಕ್ಷ್ಮಜೀವಿಗಳ ಹಿಂಸೆಯನ್ನು ತಪ್ಪಿಸುವುದು ಅದರ ಮೊದಲ ಕಾರಣ. ಸಿರುಗುಪ್ಪದ ನೀರಾವರಿ ಬಯಲಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂಗಾರಿನ ಭತ್ತ ಹಾಲುಗಟ್ಟಿ ಬಲಿಯುವ ದಿನಗಳಲ್ಲಿ ಸಂಜೆ ದೀಪ ಹಾಕಿದೊಡನೆ ಹಸಿರು ಜಿಗಿಹುಳುಗಳು ಗೋಡೆಯನ್ನೇ ಮುಚ್ಚುವುದನ್ನು ಅಲ್ಲಿನ ಪ್ರತಿಯೊಬ್ಬರೂ ಕಂಡಿದ್ದಾರೆ. ಬೆಳಕು ಕಂಡೊಡನೆ ಅತ್ತ ಹಾರುವುದು ಹುಳುವಿನ ಸ್ವಭಾವ; ಅದು ಅಲ್ಲಿಂದ ಬಿಡಿಸಿಕೊಳ್ಳಲಾರದು. ವಿವೇಕವುಳ್ಳ ಮನುಷ್ಯ ಆ ಹುಳುವಿಗಾಗಿ ತನ್ನ ಊಟದ ಹೊತ್ತನ್ನೇ ಬದಲಿಸಿಕೊಂಡ. ಇಂದು ಅದೇ ಮನುಷ್ಯ ಅಂಗೈಯಗಲದ ದೀಪವೊಂದಕ್ಕೆ ಮುತ್ತಿಕೊಂಡು ಬಿಡಿಸಿಕೊಳ್ಳಲಾರದೆ ಬಿದ್ದಿದ್ದಾನೆ. ಹುಳುವನ್ನು ಉಳಿಸಿದ ಕುಲವು ತಾನೇ ಹುಳುವಿನ ಪಾಡಿಗೆ ಬಂದಿದೆ.

ಎರಡನೆಯ ಕಾರಣ ಇಂದ್ರಿಯಸಂಯಮ. ಹಗಲು ದುಡಿಮೆಗೆ, ಸಂಜೆ ಸಾಮಾಯಿಕ ಪ್ರತಿಕ್ರಮಣಗಳಿಗೆ, ರಾತ್ರಿ ವಿಶ್ರಾಂತಿಗೆ ಎಂಬ ಒಂದು ಕಾಲಕ್ರಮವನ್ನು ಪೂರ್ವಾಚಾರ್ಯರು ಗೃಹಸ್ಥನಿಗೆ ಕಟ್ಟಿಕೊಟ್ಟರು. ಊಟವನ್ನು ಬೇಗ ಮುಗಿಸುವುದು ಆ ಕ್ರಮದ ಒಂದು ಕೊಂಡಿ ಮಾತ್ರ. ಉಳಿದ ಕೊಂಡಿಗಳನ್ನು ಕಳಚಿ ಒಂದನ್ನೇ ಹಿಡಿದುಕೊಂಡರೆ ಅದೂ ಹೆಚ್ಚುಕಾಲ ಉಳಿಯುವುದಿಲ್ಲ. ಆರು ಗಂಟೆಗೆ ಉಂಡವನು ಒಂಬತ್ತೂವರೆ ಹತ್ತಕ್ಕೆ ಮಲಗಿದರೆ ಹಸಿವಿನ ಬಾಧೆ ಬಾರದು. ಅವನೇ ಹನ್ನೆರಡೂವರೆಯವರೆಗೆ ಎಚ್ಚರವಾಗಿದ್ದರೆ ಆರೂವರೆ ತಾಸಿನ ಉಪವಾಸವಾಯಿತು. ಹದಿನೆಂಟು ವರ್ಷದ ಹುಡುಗನ ಹೊಟ್ಟೆ ಅದನ್ನು ಸಹಿಸೀತೆ? ಮೊದಲು ನೀರು, ಆಮೇಲೆ ಹಾಲು, ಬಳಿಕ ಚುರುಮುರಿ, ಕೊನೆಗೆ ಹೊರಗಿನಿಂದ ತರಿಸಿದ ತಿಂಡಿ. ಹೊಸ ತಲೆಮಾರು ರಾತ್ರಿಭೋಜನತ್ಯಾಗವನ್ನು ಬಿಟ್ಟಿತೆಂದು ಹಿರಿಯರು ಕೊರಗುತ್ತಾರೆ. ಮಕ್ಕಳು ಮೊದಲು ಬಿಟ್ಟದ್ದು ನಿದ್ರೆಯ ಹೊತ್ತನ್ನು. ವ್ರತ ಅದರ ಹಿಂದೆಯೇ ಹೋಯಿತು.

ವೈದ್ಯಶಾಸ್ತ್ರವೂ ಈ ಮಾತಿಗೆ ಸಾಕ್ಷಿ ನುಡಿಯುತ್ತದೆ. 2004ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹನ್ನೆರಡು ಮಂದಿ ಆರೋಗ್ಯವಂತ ತರುಣರನ್ನು ಎರಡು ರಾತ್ರಿ ನಾಲ್ಕು ತಾಸು ಮಾತ್ರ ಮಲಗಲು ಬಿಡಲಾಯಿತು. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ರಸದೂತ ಅವರ ರಕ್ತದಲ್ಲಿ ಏರಿತು. ತೃಪ್ತಿಯನ್ನು ತಿಳಿಸುವ ಲೆಪ್ಟಿನ್ ಇಳಿಯಿತು. ಸಿಹಿ ಮತ್ತು ಉಪ್ಪಿನ ತಿನಿಸುಗಳ ಆಸೆ ಹೆಚ್ಚಿತು. 1999ರ ಮತ್ತೊಂದು ಪ್ರಯೋಗದಲ್ಲಿ ಹನ್ನೊಂದು ತರುಣರು ಆರು ರಾತ್ರಿ ಸತತವಾಗಿ ನಾಲ್ಕು ತಾಸಿನಷ್ಟೇ ನಿದ್ರಿಸಿದಾಗ, ಅವರ ದೇಹ ಸಕ್ಕರೆಯನ್ನು ಅರಗಿಸಿಕೊಳ್ಳುವ ಶಕ್ತಿ ಸ್ಪಷ್ಟವಾಗಿ ಕುಗ್ಗಿತು. ಕುಳಿತು ಮಾಡುವ ವ್ಯಾಪಾರ, ತುಪ್ಪ ಸಕ್ಕರೆಗಳ ಊಟ, ಇವುಗಳಿಂದ ಮಧುಮೇಹಕ್ಕೆ ಮೊದಲೇ ಬಾಗಿಲು ತೆರೆದಿಟ್ಟಿರುವ ವರ್ತಕ ಕುಟುಂಬಗಳು ಈ ಎರಡು ಪ್ರಯೋಗಗಳನ್ನು ಮರೆಯಬಾರದು. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ನಿಜವೇ. ಆದರೆ ನಿದ್ರೆಯನ್ನು ಅರಿಯದವನು ಊಟವನ್ನೂ ಅರಿಯಲಾರ.

ರಾತ್ರಿಯ ಬೆಳಕು ನಿದ್ರೆಯನ್ನು ಹೇಗೆ ಕೆಡಿಸುತ್ತದೆಂಬುದು ಈಗ ರಹಸ್ಯವಲ್ಲ. ಪ್ರತಿಯೊಂದು ಜೀವಕೋಶದಲ್ಲಿಯೂ ಸುಮಾರು ಇಪ್ಪತ್ತನಾಲ್ಕು ತಾಸಿನ ಒಂದು ಗಡಿಯಾರ ನಡೆಯುತ್ತಿರುತ್ತದೆ. ಅದರ ಯಂತ್ರರಹಸ್ಯವನ್ನು ಬಿಡಿಸಿದ ಹಾಲ್, ರಾಸ್‌ಬಾಶ್, ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಮಿದುಳಿನಲ್ಲಿರುವ ಮುಖ್ಯ ಗಡಿಯಾರಕ್ಕೆ ಹೊತ್ತನ್ನು ತಿಳಿಸುವುದು ಕಣ್ಣು. ಅಕ್ಷಿಪಟದಲ್ಲಿ ನೋಟಕ್ಕಲ್ಲದೆ ಬೆಳಕಿನ ಪ್ರಮಾಣವನ್ನು ಅಳೆಯುವುದಕ್ಕಾಗಿಯೇ ಇರುವ ಕೆಲವು ಕೋಶಗಳಿವೆ. ಅವು ನೀಲಿ ಬೆಳಕಿಗೆ ಹೆಚ್ಚು ಸಂವೇದನಶೀಲ. ಕತ್ತಲಾದಾಗ ಮಿದುಳು ಮೆಲಟೋನಿನ್ ಎಂಬ ರಸವನ್ನು ಹರಿಸಿ ದೇಹಕ್ಕೆ ರಾತ್ರಿಯಾಯಿತೆಂದು ಸಾರುತ್ತದೆ. ಕಣ್ಣಿಗೆ ಪ್ರಖರವಾದ ನೀಲಿ ಬೆಳಕು ಬೀಳುತ್ತಿದ್ದರೆ ಆ ಸಾರಿಕೆ ತಡವಾಗುತ್ತದೆ. 2015ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹನ್ನೆರಡು ಮಂದಿ ಮಲಗುವ ಮುನ್ನ ನಾಲ್ಕು ತಾಸು, ಕೆಲವು ದಿನ ಮುದ್ರಿತ ಪುಸ್ತಕವನ್ನೂ ಕೆಲವು ದಿನ ಬೆಳಗುವ ಪರದೆಯ ಮೇಲಿನ ಪುಸ್ತಕವನ್ನೂ ಓದಿದರು. ಪರದೆಯನ್ನು ಓದಿದ ದಿನಗಳಲ್ಲಿ ನಿದ್ರೆ ಹತ್ತಲು ಸುಮಾರು ಹತ್ತು ನಿಮಿಷ ಹೆಚ್ಚು ಬೇಕಾಯಿತು. ದೇಹದ ಗಡಿಯಾರ ಸುಮಾರು ಒಂದೂವರೆ ತಾಸು ಹಿಂದೆ ಬಿದ್ದಿತು. ಮರುದಿನ ಬೆಳಗ್ಗೆ ಮಂಪರು ಉಳಿಯಿತು.

ಈ ಹತ್ತು ನಿಮಿಷದ ಲೆಕ್ಕವನ್ನು ಹಿಡಿದು, "ಇಷ್ಟೇ ತಾನೆ" ಎನ್ನುವವರು ಉಂಟು. ನೀಲಿ ಬೆಳಕನ್ನು ಸೋಸುವ ಕನ್ನಡಕ ಕೊಂಡರೆ, ಮೊಬೈಲಿನ ಪರದೆಯನ್ನು ಹಳದಿಗೆ ತಿರುಗಿಸಿದರೆ ದೋಷ ಹೋಯಿತೆಂದು ನಂಬುವವರೂ ಉಂಟು. 2023ರಲ್ಲಿ ಕಾಕ್ರೇನ್ ಸಂಸ್ಥೆ ಈ ಕನ್ನಡಕಗಳ ಕುರಿತ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಪರಿಶೀಲಿಸಿತು; ಕಣ್ಣಿನ ಆಯಾಸವನ್ನು ಅವು ತಗ್ಗಿಸಲಾರವೆಂದೂ, ನಿದ್ರೆಯ ವಿಷಯದಲ್ಲಿ ಲಾಭ ಖಚಿತವಲ್ಲವೆಂದೂ ಅದರ ತೀರ್ಮಾನ. ಮಾರುಕಟ್ಟೆಯಲ್ಲಿ ದೊರೆಯುವ ಪ್ರಾಯಶ್ಚಿತ್ತಗಳು ಸಾಮಾನ್ಯವಾಗಿ ಹೀಗೆಯೇ ಇರುತ್ತವೆ. ಬೆಳಕು ಕದಿಯುವುದು ನಿಮಿಷಗಳನ್ನು. ಗಂಟೆಗಳನ್ನು ಕದಿಯುವುದು ಕಥೆ. ಹತ್ತಕ್ಕೆ ಮಲಗಬೇಕಾದವನು ಹನ್ನೆರಡೂವರೆಗೆ ಮಲಗಿದರೆ ಅದಕ್ಕೆ ಬೆಳಕಿನ ಬಣ್ಣವನ್ನು ದೂರಿ ಫಲವಿಲ್ಲ. ಕೊನೆಯ ಓವರಿನ ಉದ್ವೇಗ, ಅರ್ಧಕ್ಕೆ ನಿಂತ ಧಾರಾವಾಹಿಯ ಕುತೂಹಲ, ಯಾರೋ ಬರೆದ ಕುಹಕದ ಮಾತಿಗೆ ಕೊಡಬೇಕೆನಿಸಿದ ಉತ್ತರ, ಇವೆಲ್ಲ ಹಳದಿ ಪರದೆಯಲ್ಲಿಯೂ ಅಷ್ಟೇ ಉರಿಯುತ್ತವೆ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದರು ಹಿರಿಯರು. ಈಗ ಸಂತೆಯೇ ಹಾಸಿಗೆಗೆ ಬಂದಿದೆ, ಚಿಂತೆಯನ್ನೂ ಹೊತ್ತು ತಂದಿದೆ.

ಈ ಸಂತೆ ತಾನಾಗಿ ಬಂದದ್ದಲ್ಲ. ದೂರದರ್ಶನವೊಂದೇ ಇದ್ದ ಕಾಲದಲ್ಲಿ ಕಾರ್ಯಕ್ರಮಗಳಿಗೆ ಆರಂಭವಿತ್ತು, ಮುಕ್ತಾಯವೂ ಇತ್ತು. 1994ರಲ್ಲಿ ಕನ್ನಡದ ಖಾಸಗಿ ಉಪಗ್ರಹ ವಾಹಿನಿ ಬಂದ ಮೇಲೆ ಸಂಜೆಯಿಂದ ರಾತ್ರಿಯವರೆಗೆ ಧಾರಾವಾಹಿಗಳ ಸಾಲು ಬೆಳೆಯಿತು. 2008ರಲ್ಲಿ ಐಪಿಎಲ್ ಕ್ರಿಕೆಟ್ ಆರಂಭವಾಗಿ ಪರೀಕ್ಷೆ ಮತ್ತು ಬೇಸಿಗೆಯ ತಿಂಗಳುಗಳ ರಾತ್ರಿಗಳನ್ನು ಹನ್ನೊಂದರಾಚೆಗೆ ಎಳೆಯಿತು. 2016ರಲ್ಲಿ ಅಂತರ್ಜಾಲದ ದರ ಏಕಾಏಕಿ ಕುಸಿದಾಗ ಪ್ರತಿಯೊಬ್ಬನ ಜೇಬಿನಲ್ಲಿಯೂ ಒಂದು ಚಿತ್ರಮಂದಿರವಾಯಿತು. 2020 ಮತ್ತು 2021ರಲ್ಲಿ ಶಾಲೆಗಳು ಮುಚ್ಚಿದಾಗ ಪಾಠದ ನೆಪದಲ್ಲಿ ಅದು ಮಕ್ಕಳ ಕೈಗೂ ಬಂದಿತು. ಶಾಲೆ ತೆರೆದ ಮೇಲೆ ಪಾಠ ಶಾಲೆಗೆ ಮರಳಿತು, ಮೊಬೈಲು ಮನೆಯಲ್ಲಿಯೇ ಉಳಿಯಿತು. ಮನೆಮನೆಗೆ ಚಲನಚಿತ್ರ ಹಂಚುವ ನೆಟ್‌ಫ್ಲಿಕ್ಸ್ ಸಂಸ್ಥೆಯ ಮುಖ್ಯಸ್ಥರು 2017ರಲ್ಲಿ ತಮ್ಮ ಸ್ಪರ್ಧೆ ನಿದ್ರೆಯೊಡನೆ ಎಂಬರ್ಥದ ಮಾತನ್ನು ಬಹಿರಂಗವಾಗಿಯೇ ಆಡಿದರು. ವ್ಯಾಪಾರವನ್ನೇ ಕುಲಕಸುಬಾಗಿಸಿಕೊಂಡ ಸಮಾಜಕ್ಕೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಯಾವನ ನಿದ್ರೆಯನ್ನು ಕೊಂಡರೆ ಲಾಭವೋ ಆ ಗ್ರಾಹಕನಿಗೆ ಒಂದು ಸಂಚಿಕೆ ಮುಗಿದೊಡನೆ ಮುಂದಿನದು ತಾನಾಗಿಯೇ ಆರಂಭವಾಗುವಂತೆ ಏರ್ಪಡಿಸಲಾಗುತ್ತದೆ. ತಕ್ಕಡಿಯ ಕಳ್ಳತನವನ್ನು ದೂರದಿಂದಲೇ ಗುರುತಿಸುವ ಕಣ್ಣುಗಳು ಈ ಕಳ್ಳತನವನ್ನು ಏಕೆ ಕಾಣುತ್ತಿಲ್ಲ?

ಶಾಸ್ತ್ರವನ್ನು ಬಲ್ಲ ಕೆಲವರು ಒಂದು ಆಕ್ಷೇಪವನ್ನು ಎತ್ತುತ್ತಾರೆ. ಜಿನಾಗಮವು ನಿದ್ರೆಯನ್ನು ಹೊಗಳಿಲ್ಲ; ತತ್ತ್ವಾರ್ಥಸೂತ್ರದ ಎಂಟನೆಯ ಅಧ್ಯಾಯವು ದರ್ಶನಾವರಣೀಯ ಕರ್ಮದ ಒಂಬತ್ತು ಭೇದಗಳಲ್ಲಿ ನಿದ್ರೆ, ನಿದ್ರಾನಿದ್ರೆ, ಪ್ರಚಲಾ, ಪ್ರಚಲಾಪ್ರಚಲಾ, ಸ್ತ್ಯಾನಗೃದ್ಧಿ ಎಂದು ಐದನ್ನು ನಿದ್ರೆಗೇ ಮೀಸಲಿಟ್ಟಿದೆ; ಅಂದಮೇಲೆ ನಿದ್ರೆ ಕಡಿಮೆಯಾದರೆ ಒಳ್ಳೆಯದೇ ಅಲ್ಲವೆ, ಎಂಬುದು ಅವರ ವಾದ. ಈ ವಾದವು ಅರ್ಧ ಪುಟ ಓದಿ ಗ್ರಂಥವನ್ನು ಮುಚ್ಚಿದವರ ವಾದ. ಗಂಗರ ಮಂತ್ರಿ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಪ್ರಮಾದಗಳು ಹದಿನೈದೆಂದು ಎಣಿಸಿದ್ದಾರೆ. ಅವುಗಳಲ್ಲಿ ನಿದ್ರೆ ಒಂದು. ಆದರೆ ವಿಕಥೆಗಳು ನಾಲ್ಕು, ಕಷಾಯಗಳು ನಾಲ್ಕು, ಇಂದ್ರಿಯಗಳ ವಿಷಯಾಸಕ್ತಿ ಐದು, ಸ್ನೇಹ ಒಂದು. ನಿದ್ರೆಯೆಂಬ ಒಂದು ಪ್ರಮಾದವನ್ನು ತೊರೆಯುವ ನೆಪದಲ್ಲಿ ಉಳಿದ ಹದಿನಾಲ್ಕನ್ನೂ ಹಾಸಿಗೆಗೆ ಕರೆದುಕೊಳ್ಳುವುದು ಯಾವ ತಪಸ್ಸು?

ಆ ನಾಲ್ಕು ವಿಕಥೆಗಳ ಹೆಸರನ್ನು ಇಂದಿನ ರಾತ್ರಿಯ ಪಕ್ಕದಲ್ಲಿಟ್ಟು ನೋಡಬೇಕು. ಸ್ತ್ರೀಕಥೆ, ಭಕ್ತಕಥೆ, ರಾಷ್ಟ್ರಕಥೆ, ರಾಜಕಥೆ. ಅತ್ತೆ ಸೊಸೆಯರ ಸಂಚನ್ನೂ ಪ್ರಣಯದ ಕಲಹವನ್ನೂ ಎಳೆದೆಳೆದು ತೋರಿಸುವ ಧಾರಾವಾಹಿ ಮೊದಲನೆಯದು. ಭಕ್ತವೆಂದರೆ ಅನ್ನ, ಕಂಡ ಕಂಡ ಊರಿನ ತಿನಿಸುಗಳನ್ನು ಚಪ್ಪರಿಸಿ ತೋರಿಸುವ ಚಿತ್ರಗಳು ಎರಡನೆಯದು. ರಾತ್ರಿಭೋಜನವನ್ನು ತ್ಯಜಿಸಿದವನು ಹತ್ತು ಗಂಟೆಗೆ ಅವನ್ನು ಕಣ್ಣರಳಿಸಿ ನೋಡುತ್ತಾನೆಂಬುದು ಎಂಥ ವಿಪರ್ಯಾಸ! ಒಂಬತ್ತರ ವಾರ್ತೆಯಲ್ಲಿ ಆರೇಳು ಜನ ಏಕಕಾಲಕ್ಕೆ ಕೂಗಾಡುವ ಚರ್ಚೆ ಮೂರನೆಯದೂ ನಾಲ್ಕನೆಯದೂ ಹೌದು. ಸಾವಿರ ವರ್ಷಗಳ ಹಿಂದಿನ ಆಚಾರ್ಯರು ಯಾವ ಯಂತ್ರವನ್ನೂ ಕಂಡವರಲ್ಲ. ಯಂತ್ರಗಳು ಬದಲಾದರೂ ಬದಲಾಗದ ಮನಸ್ಸನ್ನು ಕಂಡವರು. ಸ್ವಾಮಿ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆಗಳನ್ನು ಸೇರಿಸಿದ್ದಾರೆ. ಚಿತ್ತವನ್ನು ಕಲುಷಿತಗೊಳಿಸುವ ಕಥನವನ್ನು ಕೇಳುವುದು ದುಃಶ್ರುತಿ. ಪ್ರಯೋಜನವಿಲ್ಲದೆ ಪೃಥ್ವಿ, ಜಲ, ಅಗ್ನಿ, ವಾಯುಗಳನ್ನು ವ್ಯಯಿಸುವುದು ಪ್ರಮಾದಚರ್ಯೆ. ಮಧ್ಯರಾತ್ರಿಯವರೆಗೆ ಉರಿಯುವ ಪರದೆ ಈ ಎರಡಕ್ಕೂ ಏಕಕಾಲದ ಉದಾಹರಣೆ.

ನಿದ್ರೆಯ ಐದು ಭೇದಗಳೂ ಇಂದಿನವರ ವಿರುದ್ಧವೇ ಸಾಕ್ಷಿ ನುಡಿಯುತ್ತವೆ. ಕುಳಿತಲ್ಲಿಯೇ ತೂಕಡಿಸುವುದು ಪ್ರಚಲಾ. ಬೆಳಗಿನ ಸ್ವಾಧ್ಯಾಯದಲ್ಲಿ, ಮುನಿಗಳ ಪ್ರವಚನದಲ್ಲಿ, ಶಾಲೆಯ ಮೊದಲ ಪಾಠದಲ್ಲಿ ಕಾಣುವುದು ಅದೇ. ರಾತ್ರಿ ಎಚ್ಚರವಿದ್ದವನು ನಿದ್ರೆಯನ್ನು ಗೆದ್ದವನಲ್ಲ. ಅದನ್ನು ಹಗಲಿಗೆ ಸಾಲವಾಗಿ ಬರೆದಿಟ್ಟವನು. ಸಾಲಗಾರನು ಬಾಗಿಲಿಗೆ ಬರುವುದು ಪಂಚಪರಮೇಷ್ಠಿಗಳ ಸ್ಮರಣೆಯ ಹೊತ್ತಿಗೆ. ಮುನಿಗಳು ಅಲ್ಪನಿದ್ರೆಯವರು ನಿಜ. ಆದರೆ ಇಪ್ಪತ್ತೆಂಟು ಮೂಲಗುಣಗಳಲ್ಲಿ ಕ್ಷಿತಿಶಯನವೂ ಒಂದು ಎಂಬುದನ್ನು ಮರೆಯಬಾರದು. ನೆಲದ ಮೇಲೆ ಒರಗುವ ಆ ಅಲ್ಪಕಾಲ ಸಂಯಮದಿಂದ ಬಂದದ್ದು. ಶ್ರಾವಕನ ನಿದ್ರಾಹೀನತೆ ಅಸಂಯಮದಿಂದ ಬಂದದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಮುನಿಧರ್ಮಕ್ಕೆ ಅಪಚಾರ.

ಮದ್ಯ, ಮಾಂಸ, ಮಧುಗಳ ತ್ಯಾಗ ಜೈನನ ಮೊದಲ ಮೆಟ್ಟಿಲು. ಮದ್ಯ ಮನಸ್ಸನ್ನು ಮೋಹಗೊಳಿಸುತ್ತದೆ, ಮೋಹಗೊಂಡವನು ಧರ್ಮವನ್ನು ಮರೆಯುತ್ತಾನೆ, ಧರ್ಮವನ್ನು ಮರೆತವನು ಅಂಜಿಕೆಯಿಲ್ಲದೆ ಹಿಂಸೆಗಿಳಿಯುತ್ತಾನೆ ಎಂಬುದು ಆ ತ್ಯಾಗದ ತರ್ಕ. 1997ರಲ್ಲಿ ಆಸ್ಟ್ರೇಲಿಯದ ಇಬ್ಬರು ಸಂಶೋಧಕರು ಎಚ್ಚರದ ಅವಧಿಯನ್ನೂ ಮದ್ಯದ ಪ್ರಮಾಣವನ್ನೂ ಹೋಲಿಸಿದರು. ಸತತ ಹದಿನೇಳು ತಾಸು ಎಚ್ಚರವಿದ್ದವನ ಕೈ ಮತ್ತು ಬುದ್ಧಿಗಳ ಚುರುಕು, ನೂರು ಮಿಲಿಲೀಟರು ರಕ್ತದಲ್ಲಿ ಐವತ್ತು ಮಿಲಿಗ್ರಾಂ ಮದ್ಯವುಳ್ಳವನ ಚುರುಕಿಗೆ ಇಳಿದಿತ್ತು. ಭಾರತದ ಮೋಟಾರು ವಾಹನ ಕಾಯಿದೆ ಚಾಲಕನಿಗೆ ವಿಧಿಸಿರುವ ಮಿತಿ ಮೂವತ್ತು ಮಿಲಿಗ್ರಾಂ. ಬೆಳಗ್ಗೆ ಐದಕ್ಕೆ ಎದ್ದವನಿಗೆ ರಾತ್ರಿ ಹತ್ತಕ್ಕೆ ಹದಿನೇಳು ತಾಸು ತುಂಬುತ್ತದೆ. ಆ ಮೇಲೆ ಸಿರುಗುಪ್ಪದಿಂದ ಬಳ್ಳಾರಿಗೆ ಕಾರನ್ನು ಓಡಿಸುವವನು, ಹಿಂದಿನ ಮೂರು ರಾತ್ರಿಗಳ ನಿದ್ರೆಯನ್ನೂ ಬಾಕಿ ಉಳಿಸಿಕೊಂಡಿದ್ದರೆ, ಭತ್ತದ ಲಾರಿಗಳೂ ಎತ್ತಿನ ಗಾಡಿಗಳೂ ಎದುರಾಗುವ ಆ ರಸ್ತೆಯಲ್ಲಿ ಯಾವ ಸ್ಥಿತಿಯಲ್ಲಿ ಸಾಗುತ್ತಿದ್ದಾನೆ? ಜೀವಮಾನದಲ್ಲಿ ಮದ್ಯದ ಹನಿಯನ್ನು ಸೋಕದವನು ಪ್ರಮತ್ತಯೋಗದಿಂದ ಪ್ರಾಣಹಾನಿಗೆ ಕಾರಣನಾದರೆ ಅದು ಹಿಂಸೆಯಲ್ಲವೆ? ಹಿಂಸೆಯ ಲಕ್ಷಣವನ್ನು ಹೇಳುವಾಗ ಸೂತ್ರಕಾರರು ಮೊದಲು ಎಣಿಸಿದ್ದು ಪ್ರಮಾದವನ್ನೇ.

ಇನ್ನೊಂದು ಆಕ್ಷೇಪ ಊರಿನ ಹಿರಿಯರದು. ಹಿಂದೆ ರಾತ್ರಿಯಿಡೀ ಬಯಲಾಟ ನಡೆಯುತ್ತಿರಲಿಲ್ಲವೆ? ತೊಗಲುಗೊಂಬೆಯಾಟವನ್ನು ನೋಡಲು ಜನ ಬೆಳಗಿನವರೆಗೆ ಕುಳಿತಿರುತ್ತಿರಲಿಲ್ಲವೆ? ಬಳ್ಳಾರಿ ರಾಘವರಂಥ ಮಹಾನಟನನ್ನು ಕೊಟ್ಟ ಊರಿಗೆ ರಾತ್ರಿಯ ಆಟ ಹೊಸದೆ? ಮಾತು ಸತ್ಯ. ಆದರೆ ಬಯಲಾಟ ಸುಗ್ಗಿ ಮುಗಿದ ಮೇಲೆ, ಜಾತ್ರೆ ಬಂದಾಗ, ವರ್ಷಕ್ಕೆ ನಾಲ್ಕಾರು ರಾತ್ರಿ. ಊರೆಲ್ಲ ಒಂದೆಡೆ ಕೂಡುತ್ತಿತ್ತು. ಬೆಳಗಾದರೆ ಮಂಗಳ ಹಾಡಿ ಆಟ ಮುಗಿಯುತ್ತಿತ್ತು. ಮರುದಿನ ಊರೇ ಮಲಗುತ್ತಿತ್ತು. ಇಂದಿನ ಆಟಕ್ಕೆ ಮಂಗಳವಿಲ್ಲ. ಒಂದೇ ಮನೆಯ ಐವರು ಐದು ಪರದೆಗಳ ಮುಂದೆ ಕುಳಿತಿರುತ್ತಾರೆ, ವರ್ಷದ ಎಲ್ಲ ರಾತ್ರಿಗಳಲ್ಲಿಯೂ. ಬೆಳಗ್ಗೆ ಅಂಗಡಿಯಾಗಲಿ ಶಾಲೆಯಾಗಲಿ ಅವರನ್ನು ಕಾಯುವುದಿಲ್ಲ.

ಬಿಸಿಲನ್ನು ದೂರುವವರೂ ಇದ್ದಾರೆ. ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂಬ ವಿನೋದ ಹಳೆಯದು. ನಲವತ್ತು ಡಿಗ್ರಿ ದಾಟಿದ ಹಗಲಿನ ನಂತರ ಗುಡ್ಡದ ಬಂಡೆಗಳು ರಾತ್ರಿಯವರೆಗೂ ಕಾವು ಕಾರುತ್ತಿರುವಾಗ ಬೇಗ ನಿದ್ರೆ ಬಾರದು. ದೇಹದ ಒಳಗಿನ ಉಷ್ಣ ಸ್ವಲ್ಪ ಇಳಿದರೆ ಮಾತ್ರ ನಿದ್ರೆ ಕವಿಯುತ್ತದೆಂದು ವೈದ್ಯರೂ ಒಪ್ಪುತ್ತಾರೆ. ಆದರೆ ಈ ಬಿಸಿಲು ಅಜ್ಜಂದಿರ ಕಾಲದಲ್ಲಿಯೂ ಇತ್ತು. ಅವರು ಮಾಳಿಗೆಯ ಮೇಲೆ ನೀರು ಚಿಮುಕಿಸಿ, ಚಾಪೆ ಹಾಸಿ, ನಕ್ಷತ್ರಗಳನ್ನು ನೋಡುತ್ತ ಮೊಮ್ಮಕ್ಕಳಿಗೆ ತೀರ್ಥಂಕರರ ಭವಾವಳಿಯನ್ನು ಹೇಳುತ್ತಿದ್ದರು. ಗಾಳಿ ತಂಪಾಗುವವರೆಗಿನ ಆ ಹೊತ್ತು ಧರ್ಮಶಿಕ್ಷಣದ ಹೊತ್ತಾಗಿತ್ತು. ಬಿಸಿಲು ಅದೇ ಇದೆ, ಮೊಮ್ಮಕ್ಕಳೂ ಇದ್ದಾರೆ, ಕಥೆ ಹೇಳುವ ಅಧಿಕಾರವನ್ನು ಮಾತ್ರ ಬೇರೊಬ್ಬರಿಗೆ ಬರೆದುಕೊಡಲಾಗಿದೆ.

ನಿದ್ರೆಗೆಡುವ ಎಲ್ಲರೂ ಸ್ವಂತ ಇಚ್ಛೆಯಿಂದ ಕೆಡುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಪಂಪಿಗೆ ರಾತ್ರಿ ವಿದ್ಯುತ್ತು ಬರುವುದನ್ನು ಕಾದು ಗದ್ದೆಯ ಬದುವಿನಲ್ಲಿ ಕುಳಿತಿರುವ ರೈತನ ಜಾಗರಣೆ ಹೊಟ್ಟೆಪಾಡಿನದು. ಕೌಲ್‌ಬಜಾರಿನ ಓಣಿಗಳಲ್ಲಿ ಜೀನ್ಸ್ ಬಟ್ಟೆ ಹೊಲಿಯುವ ಕುಟುಂಬಗಳದೂ ಅಂಥದೇ. ಅವರಿಗೆ ನಿದ್ರೆಯ ಉಪದೇಶ ಮಾಡುವುದು ಕ್ರೌರ್ಯ. ಆದರೆ ರಾತ್ರಿ ಹನ್ನೊಂದಕ್ಕೆ ಗುಮಾಸ್ತನಿಗೆ ದಾಸ್ತಾನಿನ ಲೆಕ್ಕ ಕೇಳಿ ಸಂದೇಶ ಕಳುಹಿಸುವ ಮಾಲೀಕ, ಬೆಳಗಿನ ಒಳಗೆ ಸರಕು ಬೇಕೆಂದು ಮಧ್ಯರಾತ್ರಿ ಆಜ್ಞೆ ಕೊಡುವ ವರ್ತಕ, ಇವರು ಏನನ್ನು ತೆಗೆದುಕೊಳ್ಳುತ್ತಿದ್ದಾರೆ? ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಅದತ್ತಾದಾನ. ಅದಕ್ಕೆ ಕಳವೆಂದೇ ಶಾಸ್ತ್ರದ ಹೆಸರು. ಗುಮಾಸ್ತನು ಸಂಬಳಕ್ಕೆ ಮಾರಿದ್ದು ತನ್ನ ಹಗಲನ್ನು. ಅವನ ರಾತ್ರಿಯನ್ನು ಅವನು ಕೊಟ್ಟಿಲ್ಲ. ಅಚೌರ್ಯಾಣುವ್ರತವನ್ನು ಸ್ವೀಕರಿಸಿದ ವರ್ತಕನು ತನ್ನ ಮೊಬೈಲನ್ನೂ ಆ ವ್ರತದ ಒಳಗೆ ತರಬೇಕು.

ಧರ್ಮದ ನೆಪದಲ್ಲಿ ನಡೆಯುವ ರಾತ್ರಿಜಾಗರಣೆಯ ವಿಷಯದಲ್ಲಿ ಮೌನ ವಹಿಸಿದರೆ ಈ ಮಾತುಗಳೆಲ್ಲ ಅಪ್ರಾಮಾಣಿಕವಾಗುತ್ತವೆ. ಮುನಿಗಳ ವಿಹಾರದ ಚಿತ್ರ, ಪಂಚಕಲ್ಯಾಣದ ಮೆರವಣಿಗೆಯ ನೇರ ಪ್ರಸಾರ, ತೀರ್ಥಯಾತ್ರೆಯ ಸುದ್ದಿ, ಮಂಡಳಿಗಳ ವಾದವಿವಾದ, ಎಲ್ಲವೂ ರಾತ್ರಿ ಹನ್ನೊಂದರ ನಂತರವೂ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತವೆ. ಪ್ರವಚನವನ್ನು ಕೇಳುತ್ತೇನೆಂದು ಮೊಬೈಲು ಹಿಡಿದವನು ಹತ್ತು ನಿಮಿಷಗಳ ಬಳಿಕ ಎಲ್ಲಿರುತ್ತಾನೆಂಬುದು ಅವನಿಗೂ ತಿಳಿಯದು. ಜಿನವಾಣಿಯು ಉಪಯೋಗಕ್ಕೆ ಬಾರದ ಹೊತ್ತಿನಲ್ಲಿ ಅದನ್ನು ಕಳುಹಿಸುವುದು ಪ್ರಭಾವನೆಯಲ್ಲ. ಬಸದಿಯ ಬಾಗಿಲನ್ನು ರಾತ್ರಿ ಮುಚ್ಚುವ ಸಮಿತಿಗಳು ತಮ್ಮ ಗುಂಪಿನ ಬಾಗಿಲನ್ನೂ ಮುಚ್ಚಲು ಕಲಿಯಲಿ.

ಹಾಗಾದರೆ ಮಾರ್ಗವೇನು? ಯಂತ್ರವನ್ನು ಒಡೆದುಹಾಕಬೇಕೆಂದು ಯಾರೂ ಹೇಳುವುದಿಲ್ಲ. ಜೈನಾಚಾರವು ಮಿತಿಯ ಧರ್ಮ. ಅದಕ್ಕೆ ಪರಿಮಾಣವೆಂದೇ ಹೆಸರು. ಭೋಗೋಪಭೋಗಪರಿಮಾಣವ್ರತವನ್ನು ವಿವರಿಸುವಾಗ ಸಮಂತಭದ್ರರು ಯಾವಜ್ಜೀವದ ತ್ಯಾಗವನ್ನು ಯಮವೆಂದೂ, ಕಾಲಮಿತಿಯ ತ್ಯಾಗವನ್ನು ನಿಯಮವೆಂದೂ ಬೇರ್ಪಡಿಸಿದ್ದಾರೆ. ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂದು ಅವಧಿಯನ್ನು ಗೊತ್ತುಮಾಡಿಕೊಂಡು ತ್ಯಜಿಸಬಹುದಾದ ವಸ್ತುಗಳ ಪಟ್ಟಿಯಲ್ಲಿ ಭೋಜನ, ವಾಹನಗಳ ಜೊತೆಗೆ ಶಯನವೂ ಇದೆ, ಸಂಗೀತ ಗೀತಗಳೂ ಇವೆ. ಮನೋರಂಜನೆಗೆ ರಾತ್ರಿಯ ಮಿತಿಯನ್ನು ವಿಧಿಸಿಕೊಳ್ಳುವುದು ಹೊಸ ವ್ರತವಲ್ಲ. ಹಳೆಯ ವ್ರತದ ಮರೆತುಹೋದ ಒಂದು ಪುಟ.

ಅದನ್ನು ಆಚರಿಸಬಹುದೆಂಬುದಕ್ಕೆ ನಿದರ್ಶನಗಳು ದೂರದಲ್ಲಿಲ್ಲ. ಕನ್ನಡಿಗರೂ ಜೈನರೂ ಬಹುಸಂಖ್ಯೆಯಲ್ಲಿ ನೆಲೆಸಿರುವ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿ 2022ರಲ್ಲಿ ಒಂದು ನಿರ್ಣಯ ಮಾಡಿತು. ಸಂಜೆ ಏಳಕ್ಕೆ ಊರಿನ ದೇವಾಲಯದಿಂದ ಸೈರನ್ ಕೂಗುವುದು. ಎಂಟೂವರೆಯವರೆಗೆ ಯಾವ ಮನೆಯಲ್ಲಿಯೂ ಟಿವಿ, ಮೊಬೈಲುಗಳಿಲ್ಲ. ಮಕ್ಕಳಿಗೆ ಓದು, ಹಿರಿಯರಿಗೆ ಮಾತುಕತೆ. ಯಾವ ಶಾಸ್ತ್ರದ ಆಜ್ಞೆಯೂ ಇಲ್ಲದೆ, ಬರಿಯ ಗ್ರಾಮಸಭೆಯ ಒಮ್ಮತದಿಂದ ಒಂದು ಹಳ್ಳಿ ಮಾಡಿದ್ದನ್ನು, ಪ್ರತ್ಯಾಖ್ಯಾನದ ಪರಂಪರೆಯುಳ್ಳ ಸಮಾಜವು ಮಾಡಲಾರದೆ? ಚೀನಾ ದೇಶವು 2021ರಲ್ಲಿ ಮಕ್ಕಳ ಅಂತರ್ಜಾಲ ಆಟಗಳನ್ನು ವಾರಾಂತ್ಯ ಮತ್ತು ರಜಾದಿನಗಳ ಒಂದೊಂದು ತಾಸಿಗೆ ಸೀಮಿತಗೊಳಿಸಿತು. ಆಸ್ಟ್ರೇಲಿಯವು 2025ರ ಡಿಸೆಂಬರಿನಿಂದ ಹದಿನಾರು ತುಂಬದವರಿಗೆ ಸಾಮಾಜಿಕ ಜಾಲತಾಣಗಳ ಖಾತೆಯನ್ನು ನಿಷೇಧಿಸಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇಂಥ ಯಂತ್ರಾಸಕ್ತಿಯ ಚಿಕಿತ್ಸೆಗೆಂದೇ 2014ರಲ್ಲಿ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು. ವ್ರತವಿಲ್ಲದ ಕಡೆ ಕಾನೂನು ಬರುತ್ತದೆ, ಕಾನೂನೂ ಸೋತ ಕಡೆ ಆಸ್ಪತ್ರೆ. ಶ್ರಾವಕನಿಗೆ ಮೊದಲನೆಯದು ಇನ್ನೂ ಕೈಯಲ್ಲಿದೆ.

ಆರಂಭ ಸಣ್ಣದಾಗಿರಲಿ. ಮಲಗುವ ಮುಂಚೆ ಒಂದು ಮುಹೂರ್ತ, ಅಂದರೆ ನಲವತ್ತೆಂಟು ನಿಮಿಷ, ಒಂದು ಸಾಮಾಯಿಕದ ಕಾಲ, ಮನೆಯ ಎಲ್ಲ ಪರದೆಗಳೂ ಆರಲಿ. ಮೊಬೈಲುಗಳು ಮಲಗುವ ಕೋಣೆಯ ಹೊರಗೆ ಒಂದು ಗೂಡಿನಲ್ಲಿ ರಾತ್ರಿಯಿಡೀ ವಿಶ್ರಮಿಸಲಿ. ಬೆಳಗಿನ ಎಚ್ಚರಕ್ಕೆ ಹಳೆಯ ಗಡಿಯಾರವೇ ಸಾಕು. ತುರ್ತಿನ ಕರೆಗೆ ಗಂಟೆ ಕೇಳಿಸುವಂತಿದ್ದರೆ ತೊಂದರೆಯಿಲ್ಲ. ಬೆಳೆಯುವ ಮಕ್ಕಳಿಗೆ ಒಂಬತ್ತು ತಾಸಿಗೆ ಕಡಿಮೆಯಿಲ್ಲದ, ಹದಿಹರೆಯದವರಿಗೆ ಎಂಟು ತಾಸಿಗೆ ಕಡಿಮೆಯಿಲ್ಲದ, ವಯಸ್ಕರಿಗೆ ಏಳು ತಾಸಿಗೆ ಕಡಿಮೆಯಿಲ್ಲದ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ; ಬೆಳಗ್ಗೆ ಏಳುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ ದೀಪ ಆರಿಸುವ ಹೊತ್ತನ್ನು ಗೊತ್ತುಮಾಡಿಕೊಳ್ಳಬೇಕು. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಸಮಾಜಗಳು ದಶಲಕ್ಷಣ ಪರ್ವದ ಹತ್ತು ದಿನ, ಶ್ವೇತಾಂಬರ ಬಂಧುಗಳು ಪರ್ಯೂಷಣದ ಎಂಟು ದಿನ, ಇದನ್ನು ಸಾಮೂಹಿಕ ನಿಯಮವಾಗಿ ಸ್ವೀಕರಿಸಬಹುದು. ಹತ್ತು ದಿನ ನಡೆದದ್ದು ಚಾತುರ್ಮಾಸವಿಡೀ ನಡೆದೀತು.

ಒಂದು ಷರತ್ತು ಮಾತ್ರ ಮುಖ್ಯ. ಈ ನಿಯಮವನ್ನು ಮಕ್ಕಳ ಮೇಲೆ ಹೇರಿ ಹಿರಿಯರು ಧಾರಾವಾಹಿಯ ಮುಂದೆ ಕೂರುವುದಾದರೆ ಆರಂಭಿಸದಿರುವುದೇ ಲೇಸು. ತಂದೆಯ ಕೈಯಲ್ಲಿ ಮೊಬೈಲು ಬೆಳಗುತ್ತಿರುವಾಗ ಮಗನ ಕೈಯಿಂದ ಅದನ್ನು ಕಿತ್ತುಕೊಂಡರೆ ಮಗ ಕಲಿಯುವುದು ಸಂಯಮವನ್ನಲ್ಲ, ಮರೆಮಾಚುವುದನ್ನು. ರಾತ್ರಿಭೋಜನತ್ಯಾಗವು ಶತಮಾನಗಳ ಕಾಲ ಉಳಿದುಬಂದದ್ದು ಉಪದೇಶದಿಂದಲ್ಲ. ಹೊತ್ತು ಮುಳುಗುವ ಮುನ್ನ ಅಜ್ಜ ತಾನೇ ಅಂಗಡಿಯಿಂದ ಎದ್ದು ಬಂದು ಎಲೆಯ ಮುಂದೆ ಕುಳಿತನು. ಮೊಮ್ಮಗ ಅದನ್ನು ನೋಡಿದನು. ಅಷ್ಟೇ.

ಸಂಜೆ ಆರಕ್ಕೆ ಬಾಯನ್ನು ಮುಚ್ಚಲು ಬಲ್ಲ ಮನೆ, ರಾತ್ರಿ ಒಂಬತ್ತಕ್ಕೆ ಪರದೆಯನ್ನು ಮುಚ್ಚಲು ಅಶಕ್ತವೆಂದರೆ ನಂಬುವುದು ಕಷ್ಟ. ಶಕ್ತಿಯಿದೆ, ಅದು ಇನ್ನೂ ಅಡಿಗೆಮನೆಯ ಹೊಸ್ತಿಲನ್ನು ದಾಟಿಲ್ಲ. ಅದನ್ನು ನಡುಮನೆಗೆ ಕರೆತರುವ ಹೊಣೆ ಪ್ರತಿಯೊಬ್ಬ ಶ್ರಾವಕ ಶ್ರಾವಿಕೆಯದು.